ಸೀಮೆಬದನೆಯ ಎಳೆ, ಒಂದೇ ಬಾಣಲೆ

ಕೇಳುಗರಿಗೆಲ್ಲ ನಮಸ್ಕಾರ. ಸಂಜೆ ಕೆಲಸ ಮುಗಿಸಿ ಬಂದು ಅಡುಗೆಮನೆಗೆ ಕಾಲಿಟ್ಟಾಗ ಬೇಕಾಗುವುದು ಎರಡೇ. ಊಟ ಬೇಗ ಆಗಬೇಕು, ತೊಳೆಯೋಕೆ ಪಾತ್ರೆ ಜಾಸ್ತಿ ಬೀಳಬಾರದು. ಪೊಟ್ಟಣದ ನೂಡಲ್ಸ್ ಕಡೆ ಕೈ ಹೋಗುವುದು ಆಗಲೇ ಅಲ್ವಾ? ಇವತ್ತು ನಾನು ಹೇಳುವ ನೂಡಲ್ಸ್‌ನಲ್ಲಿ ಮೈದಾ ಇಲ್ಲ. ತರಕಾರಿಯನ್ನೇ ಉದ್ದುದ್ದ ಎಳೆಗಳಾಗಿ ಹೆರೆದು, ಒಂದೇ ಬಾಣಲೆಯಲ್ಲಿ ಬಾಡಿಸಿ ಮಾಡುವ ಊಟ ಇದು.

ಹೊರದೇಶಗಳಲ್ಲಿ ಇದಕ್ಕೆ ಸೌತೆಯಂತೆ ಕಾಣುವ ಜುಕಿನಿ ಕಾಯಿ ಬಳಸುತ್ತಾರೆ. ನಮಗೆ ಸೀಮೆಬದನೆಕಾಯಿ ಇದೆ. ಇದೂ ಮೆಕ್ಸಿಕೋ ಕಡೆಯಿಂದ ಬಂದದ್ದೇ, ಸೌತೆ, ಸೋರೆ, ಕುಂಬಳಗಳ ಬಳಗದ್ದು. ಜುಕಿನಿಗಿಂತ ಗಟ್ಟಿ, ಎಳೆ ಬೇಗ ಮುರಿಯುವುದಿಲ್ಲ. ಹಾಗಾಗಿ ನನ್ನ ಮೆಚ್ಚುಗೆ ಇದಕ್ಕೇ. ಸಿಪ್ಪೆ ತೆಗೆಯುವಾಗ ಕೈಗೆ ಅಂಟು ಹತ್ತುತ್ತದೆ. ಸುರಿಯುವ ನಲ್ಲಿಯ ಕೆಳಗೆ ಹಿಡಿದು ತೆಗೆದರೆ ಆ ಕಾಟ ಇಲ್ಲ. ಸೋರೆಕಾಯಿಯೂ ಆಗುತ್ತದೆ. ಆದರೆ ಹೆರೆಯುವ ಮುಂಚೆ ಒಂದು ಸಣ್ಣ ಚೂರು ಹಸಿಯಾಗಿ ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಉಗಿದು, ಇಡೀ ಕಾಯಿಯನ್ನು ಎಸೆದುಬಿಡಿ. ಆ ಕಹಿಯಲ್ಲಿ ವಿಷದ ಅಂಶ ಇರುತ್ತದೆ. ವಾಂತಿ, ಭೇದಿ ಶುರುವಾಗಿ ಜೀವಕ್ಕೇ ಅಪಾಯ ಆದದ್ದೂ ಉಂಟು. ಬೇಯಿಸಿದರೂ ಅದು ಹೋಗುವುದಿಲ್ಲ. ದುಡ್ಡು ಕೊಟ್ಟು ತಂದದ್ದು ಅಂತ ದಯವಿಟ್ಟು ಇಟ್ಟುಕೊಳ್ಳಬೇಡಿ.

ಎಳೆ ತೆಗೆಯೋಕೆ ದೊಡ್ಡ ಯಂತ್ರ ಬೇಕಾಗಿಲ್ಲ. ಹಲ್ಲಿರುವ ಪೀಲರ್ ಸಿಗುತ್ತದೆ. ಅದೂ ಇಲ್ಲದಿದ್ದರೆ ತುರಿಮಣೆಯ ದಪ್ಪ ತೂತಿನ ಮೇಲೆ ಕಾಯಿಯನ್ನು ಅಡ್ಡ ಮಲಗಿಸಿ, ಒಂದೇ ದಿಕ್ಕಿಗೆ ಉದ್ದಕ್ಕೆ ಎಳೆಯಿರಿ. ಮೇಲೆ ಕೆಳಗೆ ಉಜ್ಜಿದರೆ ತುರಿ ಆಗುತ್ತದೆ, ಎಳೆ ಬರುವುದಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಇಂಥ ತರಕಾರಿಯಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ನೀರೇ. ಈ ಅಡುಗೆ ಕೆಟ್ಟರೆ ಕೆಡುವುದು ಆ ನೀರಿನಿಂದ. ಸೌತೆಕಾಯಿ ಕೋಸಂಬರಿಗೆ ಮೊದಲೇ ಉಪ್ಪು ಹಾಕಿಟ್ಟರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಬಾಣಲೆಯಲ್ಲೂ ಅಷ್ಟೇ. ಉಪ್ಪು ಬಿದ್ದ ಕೂಡಲೇ ಎಳೆಗಳು ನೀರು ಬಿಡುತ್ತವೆ, ಉರಿ ಸಣ್ಣದಿದ್ದರೆ ಆ ನೀರಲ್ಲೇ ಬೆಂದು ಮುದ್ದೆಯಾಗುತ್ತವೆ. ಅದಕ್ಕೇ ಬಾಣಲೆ ಅಗಲವಾಗಿರಲಿ, ಉರಿ ದೊಡ್ಡದಿರಲಿ, ಮುಚ್ಚಳ ಬೇಡ, ಉಪ್ಪು ಕೊನೆಗೆ.

ಇಬ್ಬರಿಗೆ ಎರಡು ಸೀಮೆಬದನೆ, ಎರಡು ಕ್ಯಾರೆಟ್, ಒಂದು ಈರುಳ್ಳಿ, ಒಂದು ಹಿಡಿ ಮೊಳಕೆ ಹೆಸರುಕಾಳು ಸಾಕು. ಮೊದಲು ಅದೇ ಬಾಣಲೆಯಲ್ಲಿ ಒಂದು ಹಿಡಿ ಕಡಲೆಕಾಯಿ ಬೀಜ ಹುರಿದು ತೆಗೆದು, ತರಿತರಿಯಾಗಿ ಕುಟ್ಟಿಡಿ. ಎರಡು ಚಮಚ ಎಣ್ಣೆ ಕಾಯಿಸಿ ಸಾಸಿವೆ, ಉದ್ದಿನಬೇಳೆ, ಕರಿಬೇವು, ಸೀಳಿದ ಹಸಿಮೆಣಸಿನಕಾಯಿ, ಸಣ್ಣಗೆ ಹೆಚ್ಚಿದ ಶುಂಠಿ ಹಾಕಿ. ಎಣ್ಣೆಯಲ್ಲಿ ತೀರಾ ಜಿಪುಣತನ ಬೇಡ, ಕ್ಯಾರೆಟ್‌ನ ಒಳ್ಳೆ ಗುಣ ಮೈಗೆ ಹತ್ತೋಕೆ ಸ್ವಲ್ಪ ಜಿಡ್ಡು ಬೇಕೇ ಬೇಕು. ಈರುಳ್ಳಿ ಬಾಡಿದ ಮೇಲೆ ಮೊಳಕೆಕಾಳು ಹಾಕಿ, ಸ್ವಲ್ಪ ನೀರು ಚಿಮುಕಿಸಿ, ಐದು ನಿಮಿಷ ಮುಚ್ಚಿಡಿ. ಮುಚ್ಚಳದ ಕೆಲಸ ಇಲ್ಲಿಗೆ ಮುಗಿಯಿತು. ಉಳಿದ ನೀರು ಆರುವವರೆಗೆ ಕಾಯಿರಿ. ಆಮೇಲೆ ಉರಿ ಏರಿಸಿ ಕ್ಯಾರೆಟ್ ಎಳೆ ಹಾಕಿ, ಎರಡು ನಿಮಿಷ ಬಿಟ್ಟು ಸೀಮೆಬದನೆ. ಸೌಟಿನಿಂದ ಕಲಸಬೇಡಿ, ಕೆಳಗಿನಿಂದ ಮೇಲಕ್ಕೆ ಎತ್ತಿ ಎತ್ತಿ ಬಿಡಿ. ಮೂರು ನಿಮಿಷಕ್ಕೆ ಒಂದು ಎಳೆ ತೆಗೆದು ಕಡಿದು ನೋಡಿ. ಬಾಗಬೇಕು, ಆದರೂ ಹಲ್ಲಿಗೆ ಸ್ವಲ್ಪ ಕರುಂ ಅನ್ನಬೇಕು. ಆಗ ಉಪ್ಪು, ಆ ಕಡಲೆಕಾಯಿ ಪುಡಿ, ಒಂದಿಷ್ಟು ತೆಂಗಿನ ತುರಿ. ನೀರು ಬಿಟ್ಟಿದ್ದರೂ ಪುಡಿ ಹೀರಿಕೊಳ್ಳುತ್ತದೆ. ಒಲೆ ಆರಿಸಿದ ಮೇಲೆ ನಿಂಬೆರಸ, ಕೊತ್ತಂಬರಿ.

ಮನೆಯಲ್ಲಿ ನಾಲ್ಕು ಜನ ಇದ್ದರೆ ಎರಡು ಸಲ ಮಾಡಿ. ಬಾಣಲೆ ತುಂಬಿ ಹೋದರೆ ತರಕಾರಿ ಹುರಿಯುವುದಿಲ್ಲ, ಬೇಯುತ್ತದೆ.

ಇದರಿಂದ ಹೊಟ್ಟೆ ತುಂಬುತ್ತಾ ಅಂತ ಕೇಳುತ್ತೀರಿ. ಬರೀ ತರಕಾರಿಯಿಂದ ತುಂಬುವುದಿಲ್ಲ, ಅದಕ್ಕೇ ಕಾಳು, ಕಡಲೆಕಾಯಿ ಹೇಳಿದ್ದು. ಮೊಟ್ಟೆ ತಿನ್ನುವವರು ಎರಡು ಒಡೆದು ಹಾಕಬಹುದು. ಮೈಮುರಿದು ದುಡಿಯುವವರಿಗೆ, ಬೆಳೆಯೋ ಮಕ್ಕಳಿಗೆ ಇದು ಸಾಲದು. ಅವರಿಗೆ ಬಿಸಿನೀರಲ್ಲಿ ನೆನೆಸಿ ಬಸಿದ ಅಕ್ಕಿ ಶಾವಿಗೆಯನ್ನು ಅರ್ಧಕ್ಕರ್ಧ ಬೆರೆಸಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಸಲಹೆಯಲ್ಲಿ ದೊಡ್ಡವರಿಗೆ ದಿನಕ್ಕೆ 400 ಗ್ರಾಂ ತರಕಾರಿ ಅಂತ ಇದೆ. ಸಾರಿನಲ್ಲಿ ತೇಲುವ ನಾಲ್ಕು ಹೋಳಿನಿಂದ ಅಷ್ಟು ಆಗುತ್ತಾ ಹೇಳಿ? ಇಂಥ ಒಂದು ತಟ್ಟೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಬಂದುಬಿಡುತ್ತದೆ.

ಇನ್ನೊಂದು ವಿಷಯ. ಇದನ್ನು ಮಾಡಿಟ್ಟು ನಾಳೆ ಡಬ್ಬಿಗೆ ಹಾಕಬೇಡಿ, ತಳದಲ್ಲಿ ನೀರು ನಿಲ್ಲುತ್ತದೆ. ಬೇಕಾದರೆ ರಾತ್ರಿಯೇ ಎಳೆ ಹೆರೆದು, ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಒಗ್ಗರಣೆ ಹಾಕಿ ಬಾಡಿಸಿಕೊಳ್ಳೋದಷ್ಟೇ ಬಾಕಿ ಇರುತ್ತದೆ. ನಮಸ್ಕಾರ.