ಏಳಬೇಕೆಂದರೂ ಏಳಲಾಗದ ಕಾಯಿಲೆ

ಕೇಳುಗರೇ, ನಮಸ್ಕಾರ.

ಪಾರ್ಕಿನ್ಸನ್ ಕಾಯಿಲೆ ಎಂದ ಕೂಡಲೇ ನಮಗೆ ನೆನಪಾಗುವುದು ಕೈ ನಡುಕ. ಆದರೆ ಎಷ್ಟೋ ರೋಗಿಗಳನ್ನು ಅದಕ್ಕಿಂತ ಜಾಸ್ತಿ ಕಾಡುವುದು ನಿಧಾನ. ಅಂಗಿಯ ಗುಂಡಿ ಹಾಕಲು ಬೆರಳು ಒಪ್ಪುವುದಿಲ್ಲ. ಕುರ್ಚಿಯಿಂದ ಏಳಬೇಕೆಂದರೂ ಮೈ ಏಳುವುದಿಲ್ಲ. ನೋಡಿದವರಿಗೆ ಸೋಮಾರಿತನ ಅನಿಸುತ್ತದೆ, ಅಲ್ವಾ? ದಯವಿಟ್ಟು ಹಾಗೆ ಅನ್ನಬೇಡಿ. ಆ ಹೊತ್ತಿಗೆ ಅವರ ಮಿದುಳಿನಲ್ಲಿ ಏನು ನಡೆದಿರುತ್ತದೆ ಗೊತ್ತೇ?

ಮಿದುಳಿನ ಬುಡದಲ್ಲಿ ಕಪ್ಪಗೆ ಕಾಣುವ ಪುಟ್ಟ ಭಾಗವೊಂದಿದೆ. ಮೈಯ ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ನರಕೋಶಗಳು ಅಲ್ಲಿವೆ. ಈ ಕಾಯಿಲೆಯಲ್ಲಿ ಅವು ವರ್ಷಗಟ್ಟಲೆ ಸಾಯುತ್ತಾ ಹೋಗುತ್ತವೆ. ಡೋಪಮೈನ್ ಕಡಿಮೆಯಾದರೆ ಮಿದುಳು ತಣ್ಣಗಾಗಬೇಕಿತ್ತು. ಆಗುವುದು ಬೇರೆಯೇ. ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಇನ್ನೊಂದು ಭಾಗದ ಕೋಶಗಳು ಅತಿಯಾಗಿ ಮಿಡಿಯುತ್ತವೆ. ಸಾಲದ್ದಕ್ಕೆ, ಸೆಕೆಂಡಿಗೆ 13ರಿಂದ 30 ಸಲದ ಒಂದೇ ಲಯಕ್ಕೆ ಸಿಕ್ಕಿಕೊಳ್ಳುತ್ತವೆ. ಇದಕ್ಕೆ ಬೀಟಾ ಲಯ ಎನ್ನುತ್ತಾರೆ. ತರಗತಿಯ ಮಕ್ಕಳೆಲ್ಲ ಒಟ್ಟಿಗೆ ಮಗ್ಗಿ ಕೂಗುತ್ತಿದ್ದರೆ ಮೇಷ್ಟ್ರ ಮಾತು ಯಾರಿಗೆ ಕೇಳೀತು? ‘ಏಳು’ ಎಂಬ ಅಪ್ಪಣೆಯೂ ಹಾಗೇ ಮುಳುಗುತ್ತದೆ. ಈ ಲಯ ಜೋರಾದಷ್ಟೂ ನಿಧಾನ, ಬಿಗಿತ ಹೆಚ್ಚಾಗಿ ಕಾಣುತ್ತವೆ. ನಡುಕದ ಲಯ ಬೇರೆ, ಸೆಕೆಂಡಿಗೆ ನಾಲ್ಕರಿಂದ ಆರು ಸಲ.

1990ರಲ್ಲಿ ಬರ್ಗ್‌ಮನ್, ವಿಚ್‌ಮನ್ ಮತ್ತು ಡಿಲಾಂಗ್ ಎಂಬ ವಿಜ್ಞಾನಿಗಳು ಇಂಥದೇ ಲಕ್ಷಣಗಳಿದ್ದ ಕೋತಿಗಳಲ್ಲಿ ಆ ಅತಿಚುರುಕಿನ ಭಾಗವನ್ನು ನಿಷ್ಕ್ರಿಯಗೊಳಿಸಿದರು. ಮರಗಟ್ಟಿದಂತಿದ್ದ ಕೋತಿಗಳು ಮತ್ತೆ ಓಡಾಡಿದವು! ಚಲನೆಯ ಶಕ್ತಿ ಸತ್ತಿರಲಿಲ್ಲ, ಅದಕ್ಕೆ ತಡೆ ಬಿದ್ದಿತ್ತು. ನನಗೆ ಇದು ಈ ಕಾಯಿಲೆಯ ಕತೆಯಲ್ಲೇ ಬಹಳ ದೊಡ್ಡ ಗಳಿಗೆ. ಮುಂದೆ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಾಬಿಡ್ ಅವರ ತಂಡ ಅದೇ ಜಾಗಕ್ಕೆ ತೆಳು ತಂತಿ ಇಳಿಸಿ, ಸೆಕೆಂಡಿಗೆ ಸುಮಾರು 130 ಸಲ ವಿದ್ಯುತ್ ಮಿಡಿತ ಕೊಟ್ಟಿತು. ರೋಗಿಗಳ ಬಿಗಿತ ಸಡಿಲಾಯಿತು. ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪಾ ಎಂಬ ಮಾತ್ರೆ ತಗೊಂಡಾಗಲೂ ಬೀಟಾ ಲಯ ತಗ್ಗುತ್ತದೆ. ಈ ಚಿಕಿತ್ಸೆಗಳಿಂದ ಸತ್ತ ಕೋಶಗಳು ಮರಳುವುದಿಲ್ಲ, ನಿಜ. ಆದರೆ ಮಾತ್ರೆಯ ಹೊತ್ತು ತಪ್ಪಿದರೆ ಮೈ ಮತ್ತೆ ಬಿಗಿಯಬಹುದು. ಹೊತ್ತಿಗೆ ಸರಿಯಾಗಿ ಕೊಡಿ.

ನಡೆಯುತ್ತಾ ಅವರ ಕಾಲು ನೆಲಕ್ಕೆ ಅಂಟಿದಂತಾದರೆ ಎಳೆಯಬೇಡಿ, ಅವಸರ ಮಾಡಬೇಡಿ. ನೆಲದ ಮೇಲೆ ಅಡ್ಡ ಗೆರೆ ತೋರಿಸಿ, ‘ಇದನ್ನು ದಾಟಿ’ ಅನ್ನಿ. ಎಷ್ಟೋ ಜನ ದಾಟಿಬಿಡುತ್ತಾರೆ. ಕಣ್ಣಿಗೆ ಗುರುತು ಸಿಕ್ಕರೆ ಮಿದುಳು ಬೇರೆ ದಾರಿಯಿಂದ ಕಾಲಿಗೆ ಅಪ್ಪಣೆ ಕಳಿಸುತ್ತದೆ ಎನ್ನುತ್ತಾರೆ ತಜ್ಞರು.

ನಮಸ್ಕಾರ.