ತಾಳಮದ್ದಳೆಗೆ ಕೂರಿಸಿ ನೋಡಿ

ಶಿರಸಿಯ ಸಹೃದಯರಿಗೆ ನಮಸ್ಕಾರ.

ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಯಲ್ಲಿ ಕಿರೀಟವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಪಾತ್ರವಾಗಿ ಮಾತಾಡುವ ಅರ್ಥಧಾರಿ ಪಂಚೆ, ಶಾಲಿನಲ್ಲೇ ಕೂತಿರುತ್ತಾನೆ. ಕರ್ಣ ಎದ್ದು ಬರುತ್ತಾನೆ. ದೊಡ್ಡ ಫ್ಯಾಂಟಸಿ ಕಾದಂಬರಿಗಳ ಪಾತ್ರಗಳನ್ನೂ ಹೀಗೆ ಕೂರಿಸಿ ನೋಡಬೇಕು. ಡ್ರ್ಯಾಗನ್ ತೆಗೆಯಿರಿ, ಭೂಪಟ ತೆಗೆಯಿರಿ, ಮಂತ್ರದ ಕತ್ತಿ ಕಸಿದುಕೊಳ್ಳಿ. ಆಮೇಲೂ ಪಾತ್ರದ ಬಾಯಲ್ಲಿ ಮಾತು ಉಳಿದಿದೆಯೇ?

ಟೋಲ್ಕಿನ್ನರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1954-55ರಲ್ಲಿ ಮೂರು ಸಂಪುಟಗಳಾಗಿ ಬಂತು. ಮಾಯಾ ಉಂಗುರವೊಂದನ್ನು ನಾಶಮಾಡಲು ಫ್ರೋಡೋ ಶತ್ರುವಿನ ನಾಡಾದ ಮೊರ್ಡೋರ್‌ಗೆ ಹೊರಟಿದ್ದಾನೆ; ಲೋಕ ಉಳಿಯುತ್ತದೋ ಮುಳುಗುತ್ತದೋ ಅನ್ನುವ ಕಥೆ. ಅದರ ನಡುವೆ, ಅವನ ಜೊತೆಗಿರುವ ತೋಟದ ಕೆಲಸದ ಸ್ಯಾಮ್‌ನ ಬೆನ್ನಗಂಟನ್ನು ಬಿಚ್ಚಿ ತೋರಿಸುತ್ತಾರೆ: ಒಂದರೊಳಗೊಂದು ಕೂರುವ ಎರಡು ಬಾಣಲೆ, ಮರದ ಚಮಚ, ಎರಡು ಹಲ್ಲಿನ ಫೋರ್ಕು, ತಳದಲ್ಲಿ ಚಪ್ಪಟೆ ಮರದ ಡಬ್ಬಿ, ಅದರಲ್ಲಿ ಮುಗಿಯುತ್ತ ಬಂದ ಉಪ್ಪು. ಉಂಗುರದ ಆಸೆ ಬಿಡದ, ದಾರಿ ತೋರಿಸುವ ಗೊಲ್ಲಮ್ ಎರಡು ಮೊಲ ಹಿಡಿದು ತರುತ್ತಾನೆ. ಸ್ಯಾಮ್ ಸೊಪ್ಪು ಹಾಕಿ ಬೇಯಿಸುತ್ತಾನೆ. ಒಳ್ಳೇ ಮಾಂಸ ಕೆಡಿಸಿದೆ ಎಂದು ಗೊಲ್ಲಮ್ ಸಿಡುಕುತ್ತಾನೆ. ಫ್ರೋಡೋಗೆ ನಿದ್ದೆ. ಒಂದೇ ಒಲೆಯ ಸುತ್ತ ಮೂವರ ಸ್ವಭಾವವೂ ಗೊತ್ತಾಗಿಹೋಯಿತು. ಊಟವಾದ ಮೇಲೆ ಸ್ಯಾಮ್ ಬೆಂಕಿ ಆರಿಸಲು ಮರೆಯುತ್ತಾನೆ, ಹೊಗೆ ಏಳುತ್ತದೆ, ಅದರ ಜಾಡು ಹಿಡಿದು ಆಯುಧಧಾರಿಗಳು ಬರುತ್ತಾರೆ. ಅಡುಗೆಯವನ ಮರೆವೇ ಕಥೆಯನ್ನು ಮುಂದಕ್ಕೆ ನೂಕಿತು! ಕೊನೆಗೆ ಮೊರ್ಡೋರ್‌ನಲ್ಲಿ ಹೊರೆ ಇಳಿಸಲು ಸ್ಯಾಮ್ ಅದೇ ಬಾಣಲೆಗಳನ್ನು ನೆಲದ ಬಿರುಕಿಗೆ ಎಸೆಯುವಾಗ ಆ ಸದ್ದು ಎದೆಗೆ ತಟ್ಟುವುದು, ಅವುಗಳಲ್ಲಿ ಬೆಂದದ್ದನ್ನು ನಾವು ಕಂಡಿರುವುದರಿಂದ.

ಉರ್ಸುಲಾ ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ (1968) ಕಾದಂಬರಿಯ ಎಳೆಯ ಮಾಂತ್ರಿಕ ಗೆಡ್ ಬೇರೆ ಬಗೆಯವನು. ಜಂಬಕ್ಕೆ ಸತ್ತವಳೊಬ್ಬಳನ್ನು ಕರೆಯಲು ಹೋಗಿ ನೆರಳೊಂದನ್ನು ಹೊರಬಿಡುತ್ತಾನೆ. ಅವನ ಮುಖದಲ್ಲಿ ಅಳಿಯದ ಗಾಯದ ಕಲೆ. ನೆರಳು ನುಗ್ಗಿಬಂದ ಬಿರುಕನ್ನು ಮುಚ್ಚಿದ ಹಿರಿಯ ಮಾಂತ್ರಿಕನ ಜೀವವೇ ಹೋಗುತ್ತದೆ. ಮಂತ್ರಕ್ಕೆ ಬೆಲೆ ತೆರಬೇಕು.

ಅನುಕರಣೆಯವರು ಸೋಲುವುದು ಇಲ್ಲೇ. ಮೂರನೇ ಅಧ್ಯಾಯದಲ್ಲೇ ನಾಯಕನಿಗೆ ಎಲ್ಲ ಶಕ್ತಿ ಕೊಟ್ಟುಬಿಟ್ಟರೆ ಮೂವತ್ತನೆಯದರಲ್ಲಿ ಅವನಿಗೇನು ಕೆಲಸ? ಆಗ ಹೊಸ ಶಕ್ತಿ ಉದುರಿಸುತ್ತಾರೆ, ಓದುಗ ಪುಸ್ತಕ ಮಡಚುತ್ತಾನೆ. ಇನ್ನು ಕೆಲವರು ಐವತ್ತು ಪುಟ ವಂಶಾವಳಿ ಹೇಳಿ ಆಮೇಲೆ ಪಾತ್ರವನ್ನು ತರುತ್ತಾರೆ. ಹೆಸರಿನ ಗೊಂದಲವೂ ಸಣ್ಣದಲ್ಲ. ಸೌರೋನ್, ಸರುಮಾನ್ ಎಂದು ಇಬ್ಬರು ಖಳರಿಗೆ ಹೆಸರಿಟ್ಟು ಟೋಲ್ಕಿನ್ನರೇ ಎಡವಿದ್ದಾರೆ ಅನ್ನುತ್ತೇನೆ. ಕನ್ನಡ ಲಿಪಿಯಲ್ಲಂತೂ ಎರಡೂ ಇನ್ನಷ್ಟು ಹತ್ತಿರ.

ಕನ್ನಡಕ್ಕೆ ತರುವವರಿಗೆ ಗೊಲ್ಲಮ್‌ನಷ್ಟು ಕಷ್ಟದ ಪಾತ್ರ ಇನ್ನೊಂದಿಲ್ಲ. ಅವನೊಳಗೆ ಇಬ್ಬರು ಜಗಳಾಡುತ್ತಾರೆ, ಹಾಗಾಗಿ ತನ್ನನ್ನು ಬಹುವಚನದಲ್ಲಿ ಹೇಳಿಕೊಳ್ಳುತ್ತಾನೆ. ‘ನಾವು ಹಸಿದಿದ್ದೇವೆ’ ಎಂದು ನೇರವಾಗಿ ಬರೆದರೆ ನಮ್ಮ ಕಿವಿಗೆ ಅದು ಒಡ್ಡೋಲಗಕ್ಕೆ ಬಂದ ಅರಸನ ಗತ್ತು! ವಾಕ್ಯವನ್ನು ಒಡೆಯಬೇಕು: ‘ಹಸಿವು, ಹಸಿವು ನಮಗೆ, ಅಲ್ವಾ ಚಿನ್ನಾ?’ ಉಂಗುರವನ್ನು ಅವನು ಕರೆಯುವ ‘ಪ್ರೆಷಸ್’ಗೆ ‘ಅಮೂಲ್ಯ’ ಅಂದರೆ ಸತ್ತಂತೆ. ‘ಚಿನ್ನ’ ಅನ್ನಿ. ಮುದ್ದಿನ ಕರೆಯೂ ಆಯಿತು, ಉಂಗುರದ ಲೋಹವೂ ಆಯಿತು. ಮೂಲದ ಇಂಗ್ಲಿಷಿಗೇ ಈ ಭಾಗ್ಯ ಇಲ್ಲ.