ತಾರೀಖಿಲ್ಲದ ಚೀಟಿಗಳು

ಕೇಳುಗರಿಗೆ ನಮಸ್ಕಾರ.

ಮುಂಬೈಯಲ್ಲಿ ಹಳೇ ಸಾಮಾನು ಅಂದರೆ ಜನ ಮೊದಲು ಹೇಳುವುದು ಚೋರ್ ಬಜಾರಿನ ಮಟನ್ ಸ್ಟ್ರೀಟ್. ಗ್ರಾಮೋಫೋನು, ಹಡಗಿನ ಗಡಿಯಾರ, ಗೋಡೆ ತುಂಬುವ ಸಿನಿಮಾ ಪೋಸ್ಟರು. ಪೋಸ್ಟರಿನ ಮೇಲೆ ನನಗೆ ಅಂಥ ಮೋಹವಿಲ್ಲ. ಬೆಲೆಯೂ ಜಾಸ್ತಿ, ನಕಲೂ ಜಾಸ್ತಿ. ಅವುಗಳ ಕೆಳಗೆ ರಟ್ಟಿನ ಪೆಟ್ಟಿಗೆಯಲ್ಲಿ ಬಿದ್ದಿರುವ ಸಣ್ಣ ಕಾಗದಗಳೇ ನನಗೆ ಬೇಕು. ಬೆಂಕಿಪೊಟ್ಟಣದ ಲೇಬಲ್ಲು, ಬಸ್ ಟಿಕೆಟ್ಟು, ವಿಮಾನದ ಲಗೇಜ್ ಚೀಟಿ, ಹೋಟೆಲಿನ ಮೆನು ಕಾರ್ಡು, ಲಗ್ನಪತ್ರಿಕೆ, ಯಕ್ಷಗಾನದ ಹ್ಯಾಂಡ್‌ಬಿಲ್ಲು. ಅದರಲ್ಲೂ ಸ್ವಾತಂತ್ರ್ಯ ಬಂದ ಮೇಲಿನ ಇಪ್ಪತ್ತೈದು ವರ್ಷದವು.

ಆ ಕಾಲವೇ ಯಾಕೆ ಅಂತ ಕೇಳುತ್ತೀರಿ, ಅಲ್ವಾ? ಈ ಊರಿನ ಜೆ.ಜೆ. ಕಲಾಶಾಲೆಯಲ್ಲಿ 1935ರಲ್ಲಿ ಕಮರ್ಷಿಯಲ್ ಆರ್ಟ್ ವಿಭಾಗ ಶುರುವಾಯಿತು. ಜಾಹೀರಾತು ಬರೆಯುವುದೂ ಕಲಿತು ಮಾಡುವ ಕಸುಬಾಯಿತು. 1946ರಲ್ಲಿ ಏರ್ ಇಂಡಿಯಾದ ಬಾಬಿ ಕೂಕಾ ಮತ್ತು ಜೆ. ವಾಲ್ಟರ್ ಥಾಂಪ್ಸನ್ ಜಾಹೀರಾತು ಕಂಪನಿಯ ಕಲಾವಿದ ಉಮೇಶ್ ರಾವ್ ಸೇರಿ ಆ ವಿಮಾನ ಕಂಪನಿಯ ಮೀಸೆ ಮಹಾರಾಜನನ್ನು ಹುಟ್ಟಿಸಿದರು. 1954ರಲ್ಲಿ ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಏಷ್ಯನ್ ಪೇಂಟ್ಸ್‌ಗೆ ಒಬ್ಬ ತುಂಟ ಹುಡುಗನನ್ನು ಬರೆದುಕೊಟ್ಟರು. ಕೈಯಲ್ಲಿ ಕುಂಚ, ಕಣ್ಣಿನ ಮೇಲೆ ಇಳಿದ ಕೂದಲು. ಹೆಸರು ಸೂಚಿಸಿ ಅಂತ ಜನರನ್ನೇ ಕೇಳಿ, ಬಹುಮಾನ ಕೊಟ್ಟು, ಗಟ್ಟು ಅಂತ ನಾಮಕರಣ ಮಾಡಿದರು. 1966ರಲ್ಲಿ ಅಮುಲ್ ಹುಡುಗಿ ಬಂದಳು. ಇವರೆಲ್ಲ ದೊಡ್ಡ ಹೆಸರುಗಳು. ಆದರೆ ಗಿರಗಾಂವಿನ ಯಾವುದೋ ಸಣ್ಣ ಪ್ರೆಸ್ಸಿನಲ್ಲಿ ಕೂತು ಸೋಪಿನ ಲೇಬಲ್ ಬರೆದವನ ಹೆಸರು ಯಾರಿಗೂ ಗೊತ್ತಿಲ್ಲ. ನನಗೆ ಅವನ ಕೆಲಸವೇ ಹೆಚ್ಚು ಇಷ್ಟ.

ಆ ಕೆಲಸದ ಚೆಂದಕ್ಕೆ ಕಾಸಿನ ಲೆಕ್ಕವೂ ಒಂದು ಕಾರಣ. ಆಗ ಒಂದೊಂದು ಬಣ್ಣಕ್ಕೂ ಬೇರೆ ಬ್ಲಾಕ್, ಅಂದರೆ ಚಿತ್ರ ಒತ್ತುವ ಅಚ್ಚು, ಮಾಡಿಸಬೇಕು. ಒಂದೊಂದು ಬಣ್ಣಕ್ಕೂ ಹಾಳೆಯನ್ನು ಮತ್ತೆ ಮಷೀನಿಗೆ ಕೊಡಬೇಕು. ಗಿರಾಕಿ ಎರಡು ಬಣ್ಣಕ್ಕಿಂತ ಜಾಸ್ತಿ ದುಡ್ಡು ಬಿಚ್ಚುವುದಿಲ್ಲ. ಆಗ ಕಲಾವಿದ ಏನು ಮಾಡುತ್ತಾನೆ? ಹಳದಿಯ ಮೇಲೆ ನೀಲಿ ಹಾಯಿಸುತ್ತಾನೆ, ಹಸಿರು ಪುಕ್ಕಟೆ ಸಿಗುತ್ತದೆ. ಕಾಗದದ ಬಿಳಿಯನ್ನೇ ಮತ್ತೊಂದು ಬಣ್ಣ ಮಾಡಿಕೊಳ್ಳುತ್ತಾನೆ. ನೆರಳು-ಬೆಳಕಿನ ನವಿರು ಬಿಟ್ಟು, ದಪ್ಪ ಆಕಾರ, ಚಪ್ಪಟೆ ಬಣ್ಣ, ಧಾರಾಳ ಖಾಲಿ ಜಾಗ. ಇದು ಯುರೋಪಿನ ಆಧುನಿಕ ಶೈಲಿಯ ಪ್ರಭಾವ ಅನ್ನುತ್ತಾರೆ ತಿಳಿದವರು. ಇರಬಹುದು. ಪ್ರೆಸ್ಸಿನ ಬಿಲ್ಲಿನ ಪ್ರಭಾವವೂ ಕಡಿಮೆಯಲ್ಲ ಅಂತ ನಾನು ಹೇಳುತ್ತೇನೆ.

ಇನ್ನು ಈ ಹವ್ಯಾಸದ ನಿಜವಾದ ಮಜಾ. ಇಂಥ ಕಾಗದಗಳ ಮೇಲೆ ಇಸವಿ ಇರುವುದು ಅಪರೂಪ. ಅದನ್ನು ನಾವೇ ಹುಡುಕಬೇಕು.

ನನ್ನ ಹತ್ತಿರ ಮಾಟುಂಗಾದ ಒಂದು ಉಡುಪಿ ಹೋಟೆಲಿನ ಮೆನು ಇದೆ. ಎರಡೇ ಬಣ್ಣ, ಮೂಲೆಯಲ್ಲಿ ಹಬೆಯಾಡುವ ಕಾಫಿ ಲೋಟ. ಇಡ್ಲಿಯ ಮುಂದೆ 12 ನ.ಪೈ. ಅಂತ ಇದೆ. ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ರಂದು. ಆ 'ನಯಾ' ಬಿದ್ದುಹೋದದ್ದು 1964ರ ಜೂನ್ 1ರಂದು. ಅಂದರೆ ಮೆನು ಈ ಏಳು ವರ್ಷಗಳ ಒಳಗಿನದು. ಇನ್ನೂ ಹತ್ತಿರ ಹೋಗಬಹುದು. 10, 15 ಅಂತ ಸುಲಭದ ಅಂಕಿ ಬಿಟ್ಟು 12 ಯಾಕೆ? ಹಳೇ ಎರಡಾಣೆಯನ್ನು, ಅಂದರೆ ರೂಪಾಯಿಯ ಎಂಟನೇ ಒಂದು ಪಾಲನ್ನು, ಹೊಸ ನೂರು ಪೈಸೆಯ ಲೆಕ್ಕಕ್ಕೆ ತಂದರೆ ಅರ್ಧ ಬಿಟ್ಟು 12 ಬರುತ್ತದೆ. ಮಾಲೀಕರು ಇನ್ನೂ ಆಣೆಯಲ್ಲೇ ಯೋಚಿಸುತ್ತಿದ್ದರು. ಹಾಗಾಗಿ 1957-58ರ ಸುಮಾರಿನದು ಅಂತ ನನ್ನ ಅಂದಾಜು. ಆದರೆ ಒಂದು ಎಚ್ಚರ. ನಮ್ಮ ಹೋಟೆಲಿನವರು ಅಚ್ಚು ಹಾಕಿಸಿದ ಕಾರ್ಡನ್ನು ಸುಮ್ನೆ ಬಿಸಾಡುವವರಲ್ಲ. ಪೆನ್ನಿನಲ್ಲಿ ರೇಟು ತಿದ್ದಿ ವರ್ಷಗಟ್ಟಲೆ ನಡೆಸುತ್ತಿದ್ದರು. ಅಚ್ಚಾದ ಕಾಲ ಬೇರೆ, ಬಳಸಿದ ಕಾಲ ಬೇರೆ.

ವಿಳಾಸವೂ ಬಾಯಿಬಿಡುತ್ತದೆ. 'ಬಾಂಬೆ-19' ಅಂತಿದ್ದರೆ ಅದು ಮಾಟುಂಗಾ. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂದ ಮೇಲೆ ಅದೇ 400019 ಆಯಿತು. ಲಗೇಜ್ ಚೀಟಿಯಲ್ಲಿ 'ಏರ್-ಇಂಡಿಯಾ ಇಂಟರ್‌ನ್ಯಾಷನಲ್' ಅಂತ ಉದ್ದ ಹೆಸರಿದ್ದರೆ ಅದು 1962ಕ್ಕಿಂತ ಹಿಂದಿನದು, ಯಾಕೆಂದರೆ ಆ ವರ್ಷ ಹೆಸರು ಮೊಟಕಾಯಿತು. ಮುಂಬೈಯ ನಗರಸಾರಿಗೆ ಸಂಸ್ಥೆ ಬೆಸ್ಟ್‌ನ ಟ್ರಾಮ್ ಟಿಕೆಟ್ಟಾದರೆ 1964ರ ಮಾರ್ಚ್ ಆಚೆಗಿನದಾಗಲು ಸಾಧ್ಯವೇ ಇಲ್ಲ, ಟ್ರಾಮ್ ನಿಂತದ್ದೇ ಆಗ. ಕರಾವಳಿಯಿಂದ ಬಂದ ಮನೆಗಳ ಲಗ್ನಪತ್ರಿಕೆ ಇನ್ನೂ ಸೊಗಸು. ತಿಥಿ, ನಕ್ಷತ್ರ, ಲಗ್ನ ಎಲ್ಲ ಇದ್ದು ಇಸವಿ ಮಾತ್ರ ಹರಿದುಹೋಗಿರುತ್ತದೆ. ಊರಿನ ವಿಳಾಸ ನೋಡಿ. ಮಂಗಳೂರು ಮದ್ರಾಸ್ ರಾಜ್ಯದಲ್ಲಿದ್ದರೆ 1956ರ ನವೆಂಬರಿಗಿಂತ ಮೊದಲಿನದು. ಮೈಸೂರು ರಾಜ್ಯ ಅಂತಿದ್ದರೆ ಅಲ್ಲಿಂದ 1973ರ ನವೆಂಬರಿನವರೆಗೆ.

ನಕಲು ಹಿಡಿಯುವುದಕ್ಕೆ ಒಂದು ಭೂತಗನ್ನಡಿ ಸಾಕು. ಹಳೇ ಕಾಗದದಲ್ಲಿ ಅಕ್ಷರ ಗಟ್ಟಿ ಮಸಿಯಲ್ಲಿರುತ್ತದೆ. ಅದನ್ನು ಸ್ಕ್ಯಾನ್ ಮಾಡಿ ಹೊಸದಾಗಿ ಅಚ್ಚು ಹಾಕಿದರೆ ಅಕ್ಷರದ ಅಂಚು ಸಣ್ಣ ಸಣ್ಣ ಬಣ್ಣದ ಚುಕ್ಕಿಯಾಗಿ ಒಡೆದಿರುತ್ತದೆ. ಲೋಹದ ಅಕ್ಷರದ ಮೊಳೆ ಜೋಡಿಸಿ ಒತ್ತಿದ ಅಚ್ಚಾದರೆ ಹಿಂಬದಿಯಲ್ಲಿ ಬೆರಳಾಡಿಸಿ, ಒತ್ತು ಸಿಗುವುದುಂಟು. ಇನ್ನು ಜೋಪಾನದ ವಿಷಯ. ಲ್ಯಾಮಿನೇಷನ್ ಬೇಡವೇ ಬೇಡ. ಸೆಲ್ಲೋಟೇಪನ್ನಂತೂ ಮುಟ್ಟಬೇಡಿ, ಅದರ ಅಂಟು ಕಂದು ಕಲೆಯಾಗಿ ಕಾಗದದೊಳಗೇ ಇಳಿಯುತ್ತದೆ. ಪಿ.ವಿ.ಸಿ. ಕವರ್ ಬಿಟ್ಟು ಪಾಲಿಯೆಸ್ಟರ್ ಕವರ್ ತನ್ನಿ. ನಮ್ಮ ಮಳೆಗಾಲದ ತೇವಕ್ಕೆ ಡಬ್ಬದಲ್ಲಿ ಸಿಲಿಕಾ ಜೆಲ್ ಇಡಿ, ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ.

ಅಕ್ಷರದ ಮಾತು ಬಂದಾಗ ಒಬ್ಬರನ್ನು ನೆನೆಯದೆ ಇರಲಾರೆ. ಆರ್.ಕೆ. ಜೋಶಿ. ಇದೇ ಮುಂಬೈಯ ಜಾಹೀರಾತು ಲೋಕದಲ್ಲಿ ಅಕ್ಷರ ಬರೆದು ಪಳಗಿದವರು, ಆಮೇಲೆ ಪವಾಯಿಯ ಐ.ಐ.ಟಿ.ಯಲ್ಲಿ ಪಾಠ ಹೇಳಿದವರು. ವಿಂಡೋಸ್ ಕಂಪ್ಯೂಟರಿನ 'ತುಂಗಾ' ಎಂಬ ಕನ್ನಡ ಫಾಂಟ್ ರೂಪುಗೊಂಡದ್ದು ಅವರ ಮುಂದಾಳತ್ವದಲ್ಲಿ. ನಾವು ಟೈಪ್ ಮಾಡಿ ಕಳಿಸಿದ ಎಷ್ಟೋ ಕನ್ನಡ ಪತ್ರಗಳಲ್ಲಿ ಈ ಮರಾಠಿ ಮೇಷ್ಟ್ರ ಕೈ ಇದೆ.

ಏರ್ ಇಂಡಿಯಾದ ಚೀಟಿ ಕೂಡಿಡುವವರು ದೇಶವಿದೇಶದಲ್ಲಿ ಇದ್ದಾರೆ. ಮುಂಬೈಯಲ್ಲಿ ಅಚ್ಚಾದ ಕನ್ನಡ ಕಾಗದಗಳನ್ನು ಕೇಳುವವರು ಮಾತ್ರ ಕಡಿಮೆ. ರಾತ್ರಿಶಾಲೆಯ ವಾರ್ಷಿಕೋತ್ಸವದ ಆಮಂತ್ರಣ, ಸಂಘದ ನಾಟಕದ ಟಿಕೆಟ್ಟು, ಹೋಟೆಲ್ ಉದ್ಘಾಟನೆಯ ಕರೆಯೋಲೆ, ಇವು ನಮ್ಮ ಮನೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲ. ಸಿಕ್ಕರೆ ಕೆಳತುದಿ ಕತ್ತರಿಸಬೇಡಿ. ಮುದ್ರಕರ ಹೆಸರು, ಊರು ಹಾಕಬೇಕೆಂದು 1867ರಷ್ಟು ಹಿಂದೆಯೇ ಕಾನೂನು ಬಂದಿತ್ತು. ಎಲ್ಲರೂ ಪಾಲಿಸಲಿಲ್ಲ, ನಿಜ. ಪಾಲಿಸಿದವರು ಅದನ್ನು ಇರುವೆ ಗಾತ್ರದ ಅಕ್ಷರದಲ್ಲಿ ಅಲ್ಲೇ ಹಾಕಿದ್ದಾರೆ. ಯಾವ ಪ್ರೆಸ್ಸಿನಲ್ಲಿ ಕನ್ನಡ ಮೊಳೆಗಳಿದ್ದವು ಅಂತ ತಿಳಿಯಲು ನನಗೆ ಅದೇ ದಾರಿ. ಮನೆ ಬದಲಿಸುವವರು ರದ್ದಿವಾಲಾನನ್ನು ಕರೆಯುವ ಮುಂಚೆ ಹಳೇ ಪುಸ್ತಕಗಳನ್ನು ಒಮ್ಮೆ ಕೊಡವಿ ನೋಡಿ. ಓದಿದ ಪುಟದ ಗುರುತಿಗೆ ಜನ ಬಸ್ ಟಿಕೆಟ್ಟನ್ನೇ ಇಡುತ್ತಿದ್ದರು.

ನಮಸ್ಕಾರ.